ಪೋಪರ ಗುಡ್ಡ, ರೈತರ ಹೆಸರು

ದಕ್ಷಿಣ ಫ್ರಾನ್ಸಿನಲ್ಲಿ, ಅವಿನ್ಯೋನ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಶಾತೋನೆಫ್-ದ್ಯು-ಪಾಪ್ ಎಂಬ ಊರಿದೆ. ಒಂದು ಸಣ್ಣ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಹಳೆಯ ಕಲ್ಲುಮನೆಗಳು, ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಪುರ, ಸುತ್ತ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿಯ ತೋಟ. ವೈನಿನ ಲೋಕದಲ್ಲಿ ಈ ಊರಿನ ಹೆಸರನ್ನು ಕೇಳದವರಿಲ್ಲ. ಅಲ್ಲಿಗೆ ಹೋಗಿ ಬಂದ ಮೇಲೆ ನನ್ನನ್ನು ಕಾಡುತ್ತಿರುವುದು ಮಾತ್ರ ಗೋಪುರವೂ ಅಲ್ಲ, ವೈನಿನ ರುಚಿಯೂ ಅಲ್ಲ. ಊರಿನ ಮುಖ್ಯ ಬೀದಿಯ ಎರಡೂ ಬದಿಯಲ್ಲಿ ಒಂದರ ಪಕ್ಕ ಒಂದು ಮನೆತನದ ನೆಲಮಾಳಿಗೆ ತೆರೆದುಕೊಂಡಿದೆ. ಅವರೆಲ್ಲರೂ ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುವವರು. ಆದರೂ ಎಲ್ಲರ ಬಾಟಲಿಯ ಮೇಲೂ ದೊಡ್ಡದಾಗಿ ಇರುವುದು ಒಂದೇ ಹೆಸರು, ಊರಿನ ಹೆಸರು. ಬಹಳಷ್ಟು ಬಾಟಲಿಗಳ ಗಾಜಿನಲ್ಲಿ ಉಬ್ಬಾಗಿ ಮೂಡಿರುವ ಲಾಂಛನವೂ ಒಂದೇ: ಪೋಪರ ಕಿರೀಟ, ಅದರ ಕೆಳಗೆ ಸಂತ ಪೀಟರನ ಬೀಗದ ಕೈಗಳು. ಈ ಹೆಸರನ್ನು ಯಾರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಬೇರೆ ಊರಿಗೆ ಹೊತ್ತೊಯ್ಯುವಂತಿಲ್ಲ. ಸುಮಾರು ಎರಡು ಸಾವಿರ ಜನಸಂಖ್ಯೆಯ ಒಂದು ಹಳ್ಳಿ ತನ್ನ ಹೆಸರನ್ನು ಎಲ್ಲರ ಆಸ್ತಿಯಾಗಿ, ಆದರೆ ಯಾರೊಬ್ಬರ ಸ್ವತ್ತೂ ಆಗದಂತೆ, ಇಷ್ಟು ದಶಕ ಉಳಿಸಿಕೊಂಡದ್ದು ಹೇಗೆ?

ಈ ಪ್ರಶ್ನೆ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿಗೆ ಹತ್ತಿರದ ಒಂದು ಊರಿನಲ್ಲಿ. ಒಂದು ಊರಿನ ಹೆಸರೇ ಒಂದು ಬೆಳೆಯ ಹೆಸರಾದರೆ ಆ ಊರಿನವರಿಗೆ ಅದರಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಮೆಣಸಿನಕಾಯಿಯ ಘಾಟಿನ ನಡುವೆ ನೋಡುತ್ತ ಬೆಳೆದವನು ನಾನು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ಗುಡ್ಡ ಹತ್ತಬೇಕು.

ಎದುರಿಗೆ ಕೋಟೆ, ಹಿಂದೆ ಬಯಲು

ನಾವು ಹೋದದ್ದು ಸೆಪ್ಟೆಂಬರಿನಲ್ಲಿ, ದ್ರಾಕ್ಷಿಯ ಸುಗ್ಗಿ ನಡೆಯುತ್ತಿದ್ದಾಗ. ಲಿಯೋನ್ ನಗರದಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು ಜೊತೆಗಿದ್ದಳು. ಫ್ರೆಂಚ್ ಮಾತೆಲ್ಲ ಅವಳ ಪಾಲಿನದು. ಊರಿನ ಓಣಿಗಳು ಇಕ್ಕಟ್ಟಾಗಿವೆ, ಕಲ್ಲುಹಾಸು ಸವೆದು ನುಣುಪಾಗಿದೆ. ಮನೆಗಳ ಗೋಡೆ ಹಳದಿ ಬೆರೆತ ಬಿಳಿ ಸುಣ್ಣಕಲ್ಲಿನದು. ಈ ಸುಣ್ಣಕಲ್ಲು ಊರಿನ ಹಳೆಯ ಬದುಕಿನ ಆಧಾರವಾಗಿತ್ತು. ಇಲ್ಲಿ ಸುಣ್ಣದ ಭಟ್ಟಿಗಳಿದ್ದುದರಿಂದಲೇ ಶತಮಾನಗಳ ಕಾಲ ಊರಿಗೆ ಶಾತೋನೆಫ್-ಕಲ್ಸೆರ್ನಿಯೆ ಎಂಬ ಹೆಸರಿತ್ತು. ಪೋಪರ ಹೆಸರು ಅಧಿಕೃತವಾಗಿ ಸೇರಿದ್ದು 1893ರಲ್ಲಿ, ಅಂದರೆ ಕೊನೆಯ ಪೋಪ್ ಇಲ್ಲಿಂದ ಹೋಗಿ ಐದು ಶತಮಾನ ಕಳೆದ ಮೇಲೆ. ಹೆಸರಿಗೊಂದು ಬೆಲೆಯಿದೆ ಎಂಬ ಅರಿವು ಊರಿನವರಿಗೆ ಆಗಲೇ ಮೂಡಿತ್ತು ಎಂದು ಇದರಿಂದ ತಿಳಿಯುತ್ತದೆ.

ಓಣಿಗಳು ಏರುತ್ತ ಏರುತ್ತ ಗೋಪುರದ ಬುಡಕ್ಕೆ ತಲುಪುತ್ತವೆ. ದಕ್ಷಿಣದಿಂದ ನೋಡಿದರೆ ಅದು ಗಟ್ಟಿಮುಟ್ಟಾದ, ಎತ್ತರದ, ಕಿಟಕಿಗಳಿರುವ ಪೂರ್ತಿ ಕಟ್ಟಡ. ಬದಿಗೆ ಸರಿದು ಹಿಂದೆ ಹೋದಾಗಲೇ ಅಲ್ಲಿ ಏನೂ ಇಲ್ಲವೆಂದು ತಿಳಿಯುವುದು. ಮೂಲೆಯೊಂದರಲ್ಲಿ ಕೂಡಿಕೊಂಡ ಗೋಡೆಗಳು ಮಾತ್ರ ಆಕಾಶಕ್ಕೆ ನಿಂತಿವೆ. ಒಳಗಿರಬೇಕಾಗಿದ್ದ ಕೋಣೆ, ಮಹಡಿ, ಮಾಡು ಯಾವುದೂ ಇಲ್ಲ. ನೆಲಮಟ್ಟದಲ್ಲಿ ಕಮಾನಿನ ಒಂದು ದೊಡ್ಡ ಹಜಾರ ಮಾತ್ರ ಉಳಿದುಕೊಂಡಿದೆ. ಅಲ್ಲಿ ನಿಂತರೆ ಪಶ್ಚಿಮಕ್ಕೆ ರೋನ್ ನದಿ, ದಕ್ಷಿಣಕ್ಕೆ ದೂರದಲ್ಲಿ ಅವಿನ್ಯೋನಿನ ಪೋಪರ ಅರಮನೆ, ಪೂರ್ವಕ್ಕೆ ಬೋಳು ಬಿಳಿ ನೆತ್ತಿಯ ವಾಂಟು ಪರ್ವತ. ಈ ಜಾಗವನ್ನು ಆರಿಸಿದವರಿಗೆ ನೆಲದ ಮೇಲೆ ಎಂಥ ಕಣ್ಣಿತ್ತು ಎಂಬುದು ಅಲ್ಲಿ ನಿಂತವರಿಗೆ ಯಾರೂ ಹೇಳಬೇಕಾಗಿಲ್ಲ.

ಆರಿಸಿದವರು ಪೋಪ್ 22ನೆಯ ಜಾನ್. ಪೋಪರು ರೋಮ್ ತೊರೆದು ಅವಿನ್ಯೋನಿನಲ್ಲಿ ನೆಲೆಸಿದ 1309ರಿಂದ 1377ರವರೆಗಿನ ಕಾಲದಲ್ಲಿ ಏಳು ಮಂದಿ ಪೋಪರು ಆಳಿದರು. ಅವರಲ್ಲಿ ಎರಡನೆಯವರು ಈ ಜಾನ್. 1316ರಲ್ಲಿ ಪೀಠವೇರಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಅಷ್ಟು ಇಳಿವಯಸ್ಸಿನವರು ಹೆಚ್ಚು ದಿನ ಇರಲಾರರು ಎಂದೇ ಅವರನ್ನು ಆರಿಸಿದವರು ಭಾವಿಸಿರಬೇಕು. ಅವರು ಹದಿನೆಂಟು ವರ್ಷ ಆಳಿದರು. 1317ರಲ್ಲಿ ಈ ಗುಡ್ಡದ ಮೇಲೆ ಬೇಸಗೆಯ ಕೋಟೆಮನೆ ಕಟ್ಟಿಸಲು ಆರಂಭಿಸಿ 1333ರಲ್ಲಿ ಮುಗಿಸಿ ಮರುವರ್ಷ ತೀರಿಕೊಂಡರು. ದ್ರಾಕ್ಷಿ ಅವರಿಗಿಂತ ಮೊದಲೂ ಇಲ್ಲಿತ್ತು. ಊರು ಅವಿನ್ಯೋನಿನ ಬಿಷಪ್ಪರ ಅಧೀನದಲ್ಲಿದ್ದಾಗಲೇ ಇಳಿಜಾರುಗಳಲ್ಲಿ ತೋಟಗಳಿದ್ದವು. ಆದರೆ ಜಗತ್ತಿನ ಅಧಿಕಾರವೆಲ್ಲ ಬಂದು ಸೇರುತ್ತಿದ್ದ ಒಂದು ಆಸ್ಥಾನ ನಾಲ್ಕು ಹರಿದಾರಿ ಒಳಗೇ ಇದ್ದುದರಿಂದ ಇಲ್ಲಿಯ ಬೆಳೆಗೆ ಸಿಕ್ಕಿದ ಮಾರುಕಟ್ಟೆಯನ್ನು ಊಹಿಸಿಕೊಳ್ಳಬಹುದು.

ಪೋಪರು ಹೋದ ಮೇಲೆ ಕೋಟೆಯ ಕಥೆ ಬಹುಮಟ್ಟಿಗೆ ನಾಶದ ಕಥೆ. 1563ರಲ್ಲಿ ಧರ್ಮಯುದ್ಧದ ನಡುವೆ ಪ್ರಾಟೆಸ್ಟೆಂಟ್ ಸೈನಿಕರು ಅದನ್ನು ಸುಟ್ಟರು. ಆಮೇಲೆ ಊರಿನವರೇ ಅದರ ಕಲ್ಲನ್ನು ಬಿಚ್ಚಿಕೊಂಡು ಮನೆಗಳಿಗೆ ಬಳಸಿದರು. ಓಣಿಯಲ್ಲಿ ನಡೆಯುವಾಗ ನಮ್ಮ ಕೈ ಸವರುವ ಗೋಡೆಗಳಲ್ಲಿ ಕೋಟೆಯ ಕಲ್ಲು ಎಷ್ಟಿದೆಯೋ. ಕೊನೆಗೆ ಉಳಿದಿದ್ದ ಮುಖ್ಯ ಗೋಪುರವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೈನ್ಯ ಹಿಡಿದುಕೊಂಡಿತ್ತು. 1944ರ ಆಗಸ್ಟಿನಲ್ಲಿ ಹಿಂದೆಗೆಯುವಾಗ ಸಿಡಿಮದ್ದು ಇಟ್ಟು ಸಿಡಿಸಿತು. ಉತ್ತರದ ಅರ್ಧ ಉರುಳಿತು, ದಕ್ಷಿಣದ ಅರ್ಧ ನಿಂತಿತು. ನಾವು ಇಂದು ಚಿತ್ರ ತೆಗೆದುಕೊಳ್ಳುವುದು ಆ ನಿಂತ ಅರ್ಧದ ಎದುರು.

ಪ್ರವಾಸಿಗಳಿಗಾಗಿ ಬರೆದ ಬರಹಗಳಲ್ಲಿ ಊರಿನ ಮೋಹಕತೆಯೆಲ್ಲ ಈ ಗೋಪುರ, ಈ ಪೋಪರು, ಈ ಓಣಿಗಳಲ್ಲಿಯೇ ಇದೆಯೆಂಬಂತೆ ಕಾಣುತ್ತದೆ. ಆ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನ ನಿಜವಾದ ದೊಡ್ಡ ಕಟ್ಟಡ ಗುಡ್ಡದ ಮೇಲಿಲ್ಲ ಎಂದು ನನಗೆ ಅನಿಸಿದ್ದು, ಹದಿನಾಲ್ಕನೆಯ ಶತಮಾನ ಬಿಟ್ಟು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದಾಗ.

ಹೆಸರು ಕೆಟ್ಟ ದಿನಗಳು

ಅಮೆರಿಕದಿಂದ ಬಂದ ಗಿಡಗಳ ಜೊತೆ ಫಿಲಾಕ್ಸೆರಾ ಎಂಬ ಬೇರಿನ ಹೇನು ಫ್ರಾನ್ಸಿಗೆ ಕಾಲಿಟ್ಟಿತು. ಅದು ಮೊದಲು ಕಾಣಿಸಿಕೊಂಡದ್ದು 1860ರ ದಶಕದ ಆರಂಭದಲ್ಲಿ, ಇದೇ ರೋನ್ ನದಿಯ ಆಚೆ ದಡದ ರೋಕ್‌ಮೋರ್ ಸೀಮೆಯಲ್ಲಿ. ಗುಡ್ಡದ ಮೇಲಿನಿಂದ ನೋಡಿದರೆ ಆ ಕಡೆಯ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಹಾಗಾಗಿ ಫ್ರಾನ್ಸಿನಲ್ಲಿಯೇ ಮೊಟ್ಟಮೊದಲು ತೋಟ ಕಳೆದುಕೊಂಡ ಊರುಗಳಲ್ಲಿ ಇದೂ ಒಂದಾಯಿತು. ಬೇರನ್ನು ಕೊರೆದು ಗಿಡವನ್ನು ಒಣಗಿಸುವ ಈ ಹುಳುವಿಗೆ ಔಷಧಿ ಇರಲಿಲ್ಲ. ಕೊನೆಗೆ ಸಿಕ್ಕ ದಾರಿ ಎಂದರೆ ಹುಳುವನ್ನು ತಾಳಿಕೊಳ್ಳುವ ಅಮೆರಿಕದ ಬೇರುಗಿಡಕ್ಕೆ ಇಲ್ಲಿಯ ಬಳ್ಳಿಯನ್ನು ಕಸಿ ಕಟ್ಟುವುದು. ಅದಕ್ಕೆ ಹಣ ಬೇಕು, ಫಸಲಿಲ್ಲದೆ ಕಾಯುವ ವರ್ಷಗಳೂ ಬೇಕು. ಎಷ್ಟೋ ಜನ ಹೊಲ ಬಿಟ್ಟರು.

ಬೆಳೆ ಕುಸಿದಾಗ ಬೇಡಿಕೆ ಕುಸಿಯಲಿಲ್ಲ. ಒಣದ್ರಾಕ್ಷಿ ನೆನೆಸಿ ಹುದುಗಿಸಿದ್ದು, ಸಕ್ಕರೆನೀರು ಬೆರೆಸಿದ್ದು, ಬೇರೆಡೆಯ ಅಗ್ಗದ ಸರಕು, ಎಲ್ಲವೂ ಒಳ್ಳೆಯ ಹೆಸರು ಹೊತ್ತು ಮಾರುಕಟ್ಟೆಗೆ ಬಂದವು. ಮೋಸದ ವಿರುದ್ಧ ಫ್ರಾನ್ಸ್ 1905ರಲ್ಲಿ ಕಾಯಿದೆ ಮಾಡಿತು. ಅದರಿಂದಲೂ ಸಮಾಧಾನವಾಗದೆ 1907ರಲ್ಲಿ ದಕ್ಷಿಣದ ಲಾಂಗದಾಕ್ ಸೀಮೆಯ ಬೆಳೆಗಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದರು. ನಾರ್ಬೋನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ಶಾತೋನೆಫಿನ ಸಂಕಟ ಇನ್ನೊಂದು ಬಗೆಯದು. ಅಲ್ಲಿಯ ಬಿಸಿಲಿಗೆ ಹಣ್ಣಾದ ಗ್ರೆನಾಶ್ ತಳಿಯ ವೈನು ಗಾಢವಾದದ್ದು, ಮದ್ಯಸಾರ ಹೆಚ್ಚಿರುವಂಥದ್ದು. ಉತ್ತರದ ಬರ್ಗಂಡಿಯ ವರ್ತಕರು ಅದನ್ನು ಪೀಪಾಯಿಗಟ್ಟಲೆ ಕೊಂಡು, ತಮ್ಮ ತೆಳ್ಳನೆಯ ವೈನಿಗೆ ಕಸುವು ತುಂಬಲು ಬೆರೆಸುತ್ತಿದ್ದರು. ಒಂದು ಕಡೆ ಈ ಊರಿನ ಸರಕು ಹೆಸರಿಲ್ಲದೆ ಬೇರೆಯವರ ಬಾಟಲಿಯೊಳಗೆ ಹೋಗುತ್ತಿತ್ತು. ಇನ್ನೊಂದು ಕಡೆ ಬೇರೆಯವರ ಸರಕು ಈ ಊರಿನ ಹೆಸರು ಹೊತ್ತು ಮಾರಾಟವಾಗುತ್ತಿತ್ತು. ಬೆಳೆದವನ ಕೈಗೆ ಎರಡರಿಂದಲೂ ದಕ್ಕಿದ್ದು ಕಡಿಮೆಯೇ.

ತಮಗೆ ತಾವೇ ಹಾಕಿಕೊಂಡ ಕಟ್ಟು

1923ರಲ್ಲಿ ಊರಿನ ಕೆಲವು ಬೆಳೆಗಾರರು ಬ್ಯಾರನ್ ಪಿಯರ್ ಲ ರುವಾ ಅವರ ಬಳಿ ಹೋದರು. ಅವರು ಈ ಊರಿನ ಮೂಲದವರಲ್ಲ. ಕಾನೂನು ಓದಿದವರು, ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಇಲ್ಲಿಯ ಫೋರ್ತಿಯಾ ಎಂಬ ತೋಟದ ಮನೆತನಕ್ಕೆ ಅಳಿಯನಾಗಿ ಬಂದವರು. ಊರಿನ ಹೆಸರನ್ನು ಕದಿಯುವವರ ಮೇಲೆ ಮೊಕದ್ದಮೆ ಹೂಡಬೇಕು, ನೀವು ಮುಂದಾಳಾಗಬೇಕು ಎಂಬುದು ಬೆಳೆಗಾರರ ಕೋರಿಕೆ. ಅವರು ಒಪ್ಪಿದರು, ಆದರೆ ಬೆಳೆಗಾರರು ಮೊದಲು ತಮ್ಮನ್ನು ತಾವೇ ಶಿಸ್ತಿಗೆ ಒಳಪಡಿಸಿಕೊಳ್ಳಬೇಕು ಎಂಬ ಷರತ್ತಿನ ಮೇಲೆ. ನನ್ನ ಮಟ್ಟಿಗೆ ಈ ಊರಿನ ಇತಿಹಾಸದಲ್ಲಿ ಪೋಪರ ಆಗಮನಕ್ಕಿಂತ ದೊಡ್ಡ ಗಳಿಗೆ ಇದು. ಕಳ್ಳನನ್ನು ಹಿಡಿಯಲು ಹೊರಟವರು ಮೊದಲು ತಮ್ಮ ಮನೆಯ ಉಗ್ರಾಣವನ್ನು ತಾವೇ ತೆರೆದು ತೋರಿಸಲು ಸಿದ್ಧರಾದರು.

ಸಂಘ ಕಟ್ಟಿದರು, ನಿಯಮ ಬರೆದರು. ಯಾವ ಹೊಲದ ದ್ರಾಕ್ಷಿಗೆ ಊರಿನ ಹೆಸರು ಸಲ್ಲುತ್ತದೆ ಎಂದು ಎಲ್ಲೆ ಗುರುತಿಸಿದರು. ಯಾವ ತಳಿಗಳನ್ನು ಬೆಳೆಯಬಹುದು, ಬಳ್ಳಿಯನ್ನು ಹೇಗೆ ಕತ್ತರಿಸಬೇಕು ಎಂದು ಗೊತ್ತುಮಾಡಿದರು. ವೈನಿನಲ್ಲಿ ಮದ್ಯಸಾರ ಕನಿಷ್ಠ ಶೇಕಡ 12.5 ಇರಬೇಕು, ಅದೂ ಸಕ್ಕರೆ ಬೆರೆಸದೆ ಹಣ್ಣಿನಿಂದಲೇ ಬರಬೇಕು ಎಂದರು. ಗುಲಾಬಿ ಬಣ್ಣದ ವೈನು ಈ ಹೆಸರಿನಲ್ಲಿ ಬೇಡ ಎಂದರು. ಕೊಯ್ದ ಹಣ್ಣಿನಲ್ಲಿ ನೂರಕ್ಕೆ ಐದು ಪಾಲನ್ನಾದರೂ ಆರಿಸಿ ತೆಗೆದುಹಾಕಲೇಬೇಕು ಎಂದರು; ಸುಗ್ಗಿ ಎಷ್ಟೇ ಚೆನ್ನಾಗಿದ್ದರೂ ಇದರಿಂದ ವಿನಾಯಿತಿ ಇಲ್ಲ. ಹೊಟ್ಟೆಪಾಡಿಗೆ ಬೆಳೆಯುವವನು ತನ್ನ ಬೆಳೆಯಲ್ಲಿ ಒಂದು ಪಾಲನ್ನು ತಾನೇ ಬದಿಗಿಡುತ್ತೇನೆ ಎಂದು ಬರೆದುಕೊಡುವುದು ಸಣ್ಣ ಮಾತಲ್ಲ.

ಎಲ್ಲೆ ಗುರುತಿಸುವುದಕ್ಕೆ ಅವರು ಬಳಸಿದ ಅಳತೆಗೋಲು ನನಗೆ ಬಹಳ ಹಿಡಿಸಿತು. ಲ್ಯಾವೆಂಡರ್ ಮತ್ತು ಥೈಮ್ ಎಂಬ ಎರಡು ಕಾಡುಗಿಡಗಳು ತಾವಾಗಿ ಬೆಳೆಯಬಲ್ಲ ಒಣ, ಬಡ ನೆಲವಾಗಿದ್ದರೆ ಅದು ಈ ಹೆಸರಿಗೆ ಯೋಗ್ಯ. ಬೇರೆ ಬೆಳೆಗೆ ಒದಗುವ ಮೆತ್ತನೆಯ ಫಲವತ್ತಾದ ಮಣ್ಣು ಯೋಗ್ಯವಲ್ಲ. ನೆಲವನ್ನು ಅದರ ಇಳುವರಿಯಿಂದ ಬೆಲೆ ಕಟ್ಟುವುದು ನಮ್ಮಲ್ಲೂ ಅಲ್ಲಿಯೂ ರೂಢಿ. ಅವರು ಅದನ್ನು ತಲೆಕೆಳಗು ಮಾಡಿ, ಬೇರೇನೂ ಬೆಳೆಯಲಾರದ ಕಲ್ಲುಭೂಮಿಯನ್ನೇ ಊರಿನ ಗೌರವಕ್ಕೆ ಆಧಾರವಾಗಿಟ್ಟರು. ತಗ್ಗಿನ ಒಳ್ಳೆಯ ಮಣ್ಣಿನಲ್ಲಿ ತೋಟವಿದ್ದವರು ಇದರಿಂದ ಹೆಸರು ಕಳೆದುಕೊಂಡರು. ಅವರ ಸಿಟ್ಟು ನ್ಯಾಯಾಲಯಕ್ಕೂ ಹೋಯಿತು. ವ್ಯಾಜ್ಯ ವರ್ಷಗಟ್ಟಲೆ ನಡೆದು 1933ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಊರಿನ ಸಂಘ ಗೆದ್ದಿತು.

ಆಮೇಲಿನದು ವೇಗವಾಗಿ ನಡೆಯಿತು. ಜೋಸೆಫ್ ಕಾಪ್ಯು ಎಂಬ ರಾಜಕಾರಣಿಯೊಂದಿಗೆ ಸೇರಿ ಲ ರುವಾ ಅವರು ಇದೇ ಪದ್ಧತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿದರು. 1935ರಲ್ಲಿ ಮೂಲಸ್ಥಾನದ ಹೆಸರುಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಸಮಿತಿ ಹುಟ್ಟಿತು. 1936ರ ಮೇ 15ರಂದು ಆ ಸಮಿತಿಯಡಿ ಮನ್ನಣೆ ಪಡೆದ ಮೊದಲ ತಂಡದಲ್ಲಿಯೇ ಶಾತೋನೆಫ್-ದ್ಯು-ಪಾಪ್ ಇತ್ತು. ಉಬ್ಬು ಲಾಂಛನದ ಬಾಟಲಿ ಬಂದದ್ದು ಅದರ ಮರುವರ್ಷ. ಇಂದು ಐದು ಊರುಗಳಿಗೆ ಹಬ್ಬಿರುವ ಸುಮಾರು 3,200 ಹೆಕ್ಟೇರ್ ತೋಟ ಈ ಹೆಸರಿನಡಿ ಇದೆ. ಹೆಕ್ಟೇರಿಗೆ 3,500 ಲೀಟರಿಗಿಂತ ಹೆಚ್ಚು ವೈನು ತೆಗೆಯುವಂತಿಲ್ಲ. ಫ್ರಾನ್ಸಿನಲ್ಲಿ ಇಷ್ಟು ಬಿಗಿಯಾದ ಮಿತಿ ಇರುವ ಹೆಸರುಗಳು ಕಡಿಮೆ. ಯಂತ್ರದಿಂದ ಕೊಯ್ಲು ಮಾಡುವಂತಿಲ್ಲ.

ತನ್ನ ನೆಲದ ಮೇಲೆ ಏನಿರಬೇಕು, ಏನಿರಬಾರದು ಎಂದು ಕಾಗದದ ಮೇಲೆ ಬರೆದಿಡುವ ಈ ಅಭ್ಯಾಸ ಊರಿಗೆ ಎಷ್ಟು ಒಗ್ಗಿತ್ತೆಂದರೆ, ಹಾರುವ ತಟ್ಟೆಗಳನ್ನು ಕಂಡೆವೆಂಬ ಸುದ್ದಿ ಫ್ರಾನ್ಸಿನ ತುಂಬ ಹಬ್ಬಿದ್ದ 1954ರ ಶರತ್ಕಾಲದಲ್ಲಿ ಇಲ್ಲಿಯ ಮೇಯರ್ ಅಂಥ ಯಾವ ವಾಹನವೂ ಊರಿನ ಮೇಲೆ ಹಾರಕೂಡದು, ಇಳಿಯಕೂಡದು ಎಂದು ಆದೇಶ ಹೊರಡಿಸಿದರು. ಆ ಸುದ್ದಿಯಿಂದ ಊರಿನ ಹೆಸರು ಇನ್ನಷ್ಟು ದೂರ ಹೋಯಿತು.

ಕಲ್ಲಿನ ಹೊಲದಲ್ಲಿ ಒಂದು ಮಧ್ಯಾಹ್ನ

ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿ ಎಪ್ಪತ್ತು ದಾಟಿದ ಹೆಂಗಸು. ತೋಟವನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಆದರೆ ಸುಗ್ಗಿಯಲ್ಲಿ ಅವರು ಮನೆಯಲ್ಲಿ ಕೂರುವವರಲ್ಲ. ನಾನು ರೈತರ ಮನೆಯವನೆಂದು ತಂಗಿಯ ಮಗಳು ಹೇಳಿದ ಮೇಲೆ ನಮ್ಮನ್ನು ವಾಹನದಲ್ಲಿ ಕೂರಿಸಿಕೊಂಡು ತಮ್ಮ ಹೊಲಕ್ಕೆ ಕರೆದೊಯ್ದರು.

ಅದನ್ನು ಹೊಲವೆಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಣ್ಣೇ ಕಾಣದಂತೆ ಉದ್ದಕ್ಕೂ ಉರುಟು ಕಲ್ಲು. ಮುಷ್ಟಿಯಷ್ಟರಿಂದ ಹಿಡಿದು ತೆಂಗಿನಕಾಯಿಯಷ್ಟು ದೊಡ್ಡವು, ನುಣುಪಾದವು, ಕಂದುಬಣ್ಣದವು. ಆಲ್ಪ್ಸ್ ಪರ್ವತಗಳಿಂದ ಹಿಂದೊಂದು ಯುಗದಲ್ಲಿ ರೋನ್ ನದಿ ಉರುಳಿಸಿಕೊಂಡು ತಂದು ಹಾಸಿದ ಕಲ್ಲು ಇವು. ಅವುಗಳ ನಡುವಿನಿಂದ, ಕಂಬವಿಲ್ಲದೆ, ತಂತಿಯ ಆಸರೆಯಿಲ್ಲದೆ, ಮೊಣಕಾಲೆತ್ತರದ ಗಂಟುಗಂಟಾದ ಕಾಂಡಗಳು ಎದ್ದು ನಿಂತಿದ್ದವು. ದ್ರಾಕ್ಷಿಯೆಂದರೆ ಚಪ್ಪರ ಎಂದು ತಿಳಿದ ನಮ್ಮ ಕಣ್ಣಿಗೆ ಅವು ಬಳ್ಳಿಯಂತೆ ಕಾಣುವುದೇ ಇಲ್ಲ. ಉತ್ತರದಿಂದ ದಿನಗಟ್ಟಲೆ ಬೀಸುವ ಮಿಸ್ತ್ರಾಲ್ ಗಾಳಿಗೆ ಎತ್ತರದ ಗಿಡ ನಿಲ್ಲುವುದಿಲ್ಲವೆಂದು ಹೀಗೆ ಕುಳ್ಳಾಗಿ ಬೆಳೆಸುತ್ತಾರೆ. ಅದೇ ಗಾಳಿ ಮಳೆಯ ನಂತರ ಗೊಂಚಲನ್ನು ಒಣಗಿಸಿ ಕೊಳೆರೋಗ ಬಾರದಂತೆ ಕಾಯುತ್ತದೆ. ಮಧ್ಯಾಹ್ನ ಸರಿದು ನೆರಳು ಉದ್ದವಾಗಿದ್ದರೂ ಕಲ್ಲು ಮುಟ್ಟಿದರೆ ಬಿಸಿಯಾಗಿತ್ತು. ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುವ ಈ ಕಲ್ಲುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವು ತಮ್ಮ ಕೆಳಗಿನ ಮಣ್ಣಿನ ತೇವವನ್ನೂ ಕಾಯುತ್ತವೆ. ಯಜಮಾನಿ ಒಂದು ಕಲ್ಲನ್ನು ಕಾಲಿನಿಂದ ಸರಿಸಿ ಅಡಿಯ ಕೆಂಪು ಜೇಡಿಯನ್ನು ಬೆರಳಿನಿಂದ ಒತ್ತಿ ತೋರಿಸಿದರು; ತಿಂಗಳುಗಟ್ಟಲೆ ಮಳೆ ಕಾಣದ ನೆಲ ಅಲ್ಲಿ ತಂಪಾಗಿತ್ತು. ಊರಿನ ಎಲ್ಲ ಹೊಲಗಳೂ ಹೀಗಿಲ್ಲ, ಮರಳಿನ ನೆಲವೂ ಸುಣ್ಣಕಲ್ಲಿನ ನೆಲವೂ ಇವೆ, ಮರಳಿನಲ್ಲಿ ಬೆಳೆದ ಗ್ರೆನಾಶ್ ಇನ್ನೂ ನವುರು ಎಂದು ಅವರೇ ಹೇಳಿದರು. ತಮ್ಮ ಹೊಲವನ್ನು ತೋರಿಸುವಾಗ ಬೇರೆಯವರ ಹೊಲವನ್ನು ಹೊಗಳುವ ರೈತರು ಕಡಿಮೆ.

ಕೊಯ್ಯುವವರ ಪ್ರತಿಯೊಬ್ಬರ ಬಳಿಯೂ ಎರಡು ಬಕೆಟ್ ಇದ್ದವು. ಕತ್ತರಿಯಿಂದ ಗೊಂಚಲು ಬಿಡಿಸಿ, ಕೈಯಲ್ಲಿ ತಿರುಗಿಸಿ ನೋಡಿ, ಸರಿಯಿದ್ದರೆ ಒಂದಕ್ಕೆ, ಬಾಡಿದ್ದರೆ, ಹಸಿಯಿದ್ದರೆ ಇನ್ನೊಂದಕ್ಕೆ. ಎರಡನೆಯ ಬಕೆಟಿನ ಹಣ್ಣು ಊರಿನ ಹೆಸರಿನ ವೈನಿಗೆ ಸೇರುವಂತಿಲ್ಲ. ನಾನು ಆ ಎರಡನೆಯ ಬಕೆಟಿನಿಂದ ಒಂದು ಗೊಂಚಲು ಎತ್ತಿ ನೋಡಿದೆ. ಒಂದು ಬದಿಯಲ್ಲಿ ನಾಲ್ಕಾರು ಕಾಳು ಸುಕ್ಕುಗಟ್ಟಿದ್ದವು, ಅಷ್ಟೇ.

“ಇದರಲ್ಲಿ ಏನು ಕೆಟ್ಟಿದೆ ಕೇಳು” ಎಂದೆ ತಂಗಿಯ ಮಗಳಿಗೆ.

ಅವಳು ಕೇಳಿ, ಉತ್ತರ ಕೇಳಿಸಿಕೊಂಡು ಹೇಳಿದಳು: “ಹೆಚ್ಚೇನೂ ಕೆಟ್ಟಿಲ್ಲವಂತೆ ಮಾಮಾ. ಆದರೆ ಇಂದು ಇದನ್ನು ಒಳ್ಳೆಯ ಬಕೆಟಿಗೆ ಬಿಟ್ಟರೆ ನಾಳೆ ಪಕ್ಕದ ಹೊಲದವರು ಇದಕ್ಕಿಂತ ಸ್ವಲ್ಪ ಕೆಟ್ಟಿದ್ದನ್ನು ಬಿಡುತ್ತಾರೆ. ಅವರ ಬಾಟಲಿಯ ಮೇಲೆ ಇರುವುದೂ ನಮ್ಮದೇ ಹೆಸರು ಅಂತಾರೆ.”

ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. ಪಕ್ಕದ ಹೊಲದವನ ಬಾಟಲಿಯ ಮೇಲೆ ತನ್ನ ಹೆಸರಿದೆ ಎಂದು ಒಬ್ಬ ರೈತ ಹೆಂಗಸು ಇಷ್ಟು ಸಹಜವಾಗಿ ಹೇಳಿದ್ದನ್ನು ನಾನು ಬೇರೆಲ್ಲಿಯೂ ಕೇಳಿರಲಿಲ್ಲ.

ಬ್ಯಾಡಗಿಯ ಅಡತಿ ಅಂಗಡಿ

ಲ ರುವಾ ಮತ್ತು ಅವರ ಜೊತೆಗಾರರು ಕಟ್ಟಿದ ಪದ್ಧತಿ ಫ್ರಾನ್ಸಿನಲ್ಲಿಯೇ ಉಳಿಯಲಿಲ್ಲ. ಯುರೋಪಿನ ಇತರ ದೇಶಗಳು ಅದನ್ನು ತಮ್ಮದಾಗಿಸಿಕೊಂಡವು. ಯುರೋಪು ಅದನ್ನು ವಿಶ್ವ ವ್ಯಾಪಾರ ಮಾತುಕತೆಯ ಮೇಜಿಗೆ ಒಯ್ದಿತು. 1994ರ ಬೌದ್ಧಿಕ ಆಸ್ತಿ ಒಪ್ಪಂದದಲ್ಲಿ, ಸರಕಿನ ಹೆಸರನ್ನು ಅದು ಹುಟ್ಟಿದ ನೆಲಕ್ಕೆ ಕಟ್ಟುವ ಭೌಗೋಳಿಕ ಸೂಚಕ ಎಂಬ ಹಕ್ಕು ಸೇರಿತು. ಆ ಒಪ್ಪಂದಕ್ಕೆ ಅನುಗುಣವಾಗಿ ಭಾರತ 1999ರಲ್ಲಿ ಕಾಯಿದೆ ಮಾಡಿ, 2003ರಲ್ಲಿ ಜಾರಿಗೆ ತಂದಿತು. ಮೈಸೂರು ಮಲ್ಲಿಗೆ, ಕೊಡಗಿನ ಕಿತ್ತಳೆ, ನಂಜನಗೂಡು ರಸಬಾಳೆ, ಉಡುಪಿಯ ಮಟ್ಟುಗುಳ್ಳ, ಬೆಂಗಳೂರು ನೀಲಿ ದ್ರಾಕ್ಷಿ ಇವೆಲ್ಲ ನೋಂದಣಿಯಾದದ್ದು ಈ ಕಾಯಿದೆಯಡಿ. ಬ್ಯಾಡಗಿ ಮೆಣಸಿನಕಾಯಿಗೆ ಇದು ಸಿಕ್ಕಿದ್ದು 2011ರಲ್ಲಿ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಕೆಂಪುಪುಡಿಯ ಹೆಸರಿನ ಹಿಂದೆ ಇರುವ ಕಾನೂನಿನ ಬೇರು ರೋನ್ ದಂಡೆಯ ಆ ಕಲ್ಲಿನ ಹೊಲದವರೆಗೆ ಹೋಗುತ್ತದೆ.

ಬೇರು ಒಂದೇ ಆದರೂ ಫಲ ಒಂದೇ ಅಲ್ಲ. ನನ್ನ ಸೋದರಮಾವ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸೀಸನ್ನಿನಲ್ಲಿ ಚೀಲಗಳು ಅಂಗಡಿ ತುಂಬಿ, ಜಗಲಿ ತುಂಬಿ, ರಸ್ತೆಗೂ ಬರುತ್ತಿದ್ದವು. ಒಳಗೆ ಕಾಲಿಟ್ಟರೆ ಸೀನು ನಿಲ್ಲುತ್ತಿರಲಿಲ್ಲ. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತ, ಬಿಳಿಚಿದ ಕಾಯಿ ಆರಿಸುತ್ತ ಇರುತ್ತಿದ್ದರು. ಮಾವ ಒಮ್ಮೆ ಎರಡು ಚೀಲದಿಂದ ಒಂದೊಂದು ಹಿಡಿ ತೆಗೆದು ನನ್ನ ಮುಂದೆ ಇಟ್ಟರು. ಒಂದು ‘ಡಬ್ಬಿ’ ಎಂಬ ಬಗೆಯದು: ಗಿಡ್ಡ, ದಪ್ಪ, ಕಡುಗೆಂಪು, ಮೈತುಂಬ ನೆರಿಗೆ, ಅಲ್ಲಾಡಿಸಿದರೆ ಒಳಗಿನ ಬೀಜದ ಸದ್ದು. ಇನ್ನೊಂದು ಉದ್ದನೆಯದು, ಹೊಳಪು ಹೆಚ್ಚು, ನೆರಿಗೆ ಕಡಿಮೆ. “ಎರಡೂ ಬ್ಯಾಡಗಿ ಅಂತನ ಹೊಕ್ಕಾವು ನೋಡಪಾ. ಹೆಸರಷ್ಟ ನಮ್ಮೂರಿಂದು, ಕಾಯಿ ಎಲ್ಲೆಲ್ಲಿಂದೋ” ಎಂದರು. ಬಳ್ಳಾರಿ, ರಾಯಚೂರು, ಆಂಧ್ರ, ತೆಲಂಗಾಣಗಳಿಂದ ಬಂದ ಕಾಯಿ ಬ್ಯಾಡಗಿಯ ಮಾರುಕಟ್ಟೆಗೆ ಇಳಿಯುವುದು ಈಗ ಸಾಮಾನ್ಯ ಸಂಗತಿ. ಅವರದ್ದೂ ರೈತರ ಬೆವರೇ. ಅವರ ಕಾಯಿ ಮಾರಾಟವಾಗಬಾರದೆಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಊರು ಮತ್ತು ಬೆಳೆದ ನೆಲ ಎರಡೂ ಒಂದೇ ಹೆಸರಿನಲ್ಲಿ ಕಲಸಿಹೋದಾಗ, ಕಡಿಮೆ ಇಳುವರಿಯ ಹಳೆಯ ತಳಿಯನ್ನು ಇನ್ನೂ ಬಿತ್ತುವ ನಮ್ಮ ಭಾಗದ ರೈತನಿಗೆ ಆ ಹೆಸರಿನಿಂದ ಬರಬೇಕಾದ ಹೆಚ್ಚಿನ ಬೆಲೆ ಬಾರದೆ ಹೋಗುತ್ತದೆ ಎಂಬುದು ನನ್ನ ಸಂಕಟ.

ಇದರಲ್ಲಿ ನಮ್ಮ ತಪ್ಪಿನಷ್ಟೇ ಜಾಗತಿಕ ಒಪ್ಪಂದದ ಅಸಮಾನತೆಯೂ ಇದೆ. ಆ ಒಪ್ಪಂದ ವೈನು ಮತ್ತು ಭಟ್ಟಿ ಇಳಿಸಿದ ಮದ್ಯಗಳಿಗೆ ಎಲ್ಲಕ್ಕಿಂತ ಬಿಗಿಯಾದ ರಕ್ಷಣೆ ಕೊಡುತ್ತದೆ. ಅವುಗಳ ವಿಷಯದಲ್ಲಿ ಇಂಥ ಊರಿನ ‘ಬಗೆಯದು’, ‘ಮಾದರಿಯದು’ ಎಂದು ಬರೆದು ನುಣುಚಿಕೊಳ್ಳುವುದಕ್ಕೂ ಅವಕಾಶವಿಲ್ಲ. ಮೆಣಸಿನಕಾಯಿ, ಅಕ್ಕಿ, ಚಹಾ, ರೇಷ್ಮೆಗಳಿಗೆ ಸಿಗುವುದು ಅದಕ್ಕಿಂತ ಸಡಿಲವಾದ ರಕ್ಷಣೆ. ಜನ ಮೋಸಹೋಗುತ್ತಾರೆ ಎಂದು ಪ್ರತಿಸಲವೂ ಸಾಧಿಸಿ ತೋರಿಸಬೇಕು. ಎಲ್ಲ ಸರಕಿಗೂ ಸಮಾನ ರಕ್ಷಣೆ ಬೇಕೆಂದು ಭಾರತ ವರ್ಷಗಳಿಂದ ಕೇಳುತ್ತಿದೆ, ಇನ್ನೂ ಸಿಕ್ಕಿಲ್ಲ. ಆದರೂ ಕಾನೂನಿನ ಬಿಗಿ ಒಂದೇ ಶಾತೋನೆಫನ್ನು ಕಾಯಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅಲ್ಲಿ ಕಾನೂನು ಬಂದದ್ದು ಕೊನೆಗೆ. ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಬೆಳೆಗಾರರ ಸಂಘವಿತ್ತು, ಅವರೇ ಒಪ್ಪಿಕೊಂಡ ಎಲ್ಲೆಯಿತ್ತು, ಆರಿಸಿ ತೆಗೆಯುವ ಎರಡನೆಯ ಬಕೆಟ್ ಇತ್ತು. ನಮ್ಮಲ್ಲಿ ಬಹಳಷ್ಟು ಸಲ ಅರ್ಜಿ ಹಾಕುವುದು ಸರ್ಕಾರದ ಇಲಾಖೆ ಅಥವಾ ನಿಗಮ. ಪ್ರಮಾಣಪತ್ರ ಬಂದ ದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮರುದಿನದಿಂದ ಹೊಲದಲ್ಲಿ, ಮಾರುಕಟ್ಟೆಯಲ್ಲಿ ಅದನ್ನು ಕಾಯುವವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಬ್ಯಾಡಗಿ ಸೀಮೆಯ ನಾಲ್ಕು ಹಳ್ಳಿಗಳ ರೈತರು ಕೂಡಿ, ಇಂಥ ನೆಲ, ಇಂಥ ತಳಿ, ಇಷ್ಟು ಒಣಗಿದ ಕಾಯಿ ಮಾತ್ರ ನಮ್ಮ ಹೆಸರಿನ ಚೀಲಕ್ಕೆ ಎಂದು ತಾವೇ ಬರೆದುಕೊಂಡರೆ ಅದನ್ನು ತಡೆಯುವ ಕಾನೂನು ಯಾವುದೂ ಇಲ್ಲ. ಇದನ್ನು ನಾನು ಮಾವನಿಗೆ ಹೇಳಿದಾಗ ಅವರು, “ಮೊದಲ ವರ್ಷ ಹೊಟ್ಟಿಗೆ ಏನ್ ಮಾಡಬೇಕಪಾ ಅವರು?” ಎಂದರು. ಪ್ರಶ್ನೆ ಸರಿಯಾದದ್ದೇ. ಶಾತೋನೆಫಿನ ಬೆಳೆಗಾರರಿಗೂ ಆ ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಅವರ ವ್ಯಾಜ್ಯವೇ ಹತ್ತು ವರ್ಷ ಎಳೆಯಿತು. ನಮ್ಮಲ್ಲಿ ಆ ಮಧ್ಯದ ವರ್ಷಗಳಿಗೆ ಆಸರೆ ಕೊಡುವ ಸಹಕಾರ ಸಂಘಗಳ ಅನುಭವ ಕಡಿಮೆಯೇನಿಲ್ಲ. ಅದನ್ನು ಈ ಕೆಲಸಕ್ಕೆ ಬಳಸಿಕೊಂಡರೆ ಆದೀತು ಎಂದು ನಾನು ನಂಬುತ್ತೇನೆ.

ಈಗಿನ ಬಿಸಿಲು

ಮತ್ತೆ ಗುಡ್ಡದ ಊರಿಗೆ ಬರುವುದಾದರೆ, ಅಲ್ಲಿಯೂ ಎಲ್ಲ ನೆಮ್ಮದಿಯಾಗಿಲ್ಲ. ಶೇಕಡ 12.5 ಮದ್ಯಸಾರ ಎಂಬ ಕೆಳಮಿತಿ ಹಾಕಿದ ಕಾಲದಲ್ಲಿ ಅಷ್ಟು ಹಣ್ಣಾಗಿಸುವುದೇ ಒಂದು ಪರೀಕ್ಷೆಯಾಗಿತ್ತು. ಈಗಿನ ಬೇಸಗೆಗಳಲ್ಲಿ ಗ್ರೆನಾಶ್ 15 ದಾಟುವುದು ಸಾಮಾನ್ಯ. ಹಿಂದೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ನಡೆಯುತ್ತಿದ್ದ ಕೊಯ್ಲು ಆಗಸ್ಟಿನ ಕೊನೆಗೇ ಶುರುವಾಗುವ ವರ್ಷಗಳು ಬಂದಿವೆ. ಬಿಸಿ ಹಿಡಿದಿಡುವ ಕಲ್ಲು ಒಂದು ಕಾಲದಲ್ಲಿ ವರವಾಗಿತ್ತು. ಈಗ ಕೆಲವು ಹೊಲಗಳಲ್ಲಿ ಅದೇ ಹೊರೆಯಾಗುತ್ತಿದೆ. ಹೆಸರನ್ನು ನೆಲಕ್ಕೆ ಕಟ್ಟಿಹಾಕಿದವರಿಗೆ ತಂಪಾದ ಬೇರೆ ನೆಲಕ್ಕೆ ಹೋಗುವ ದಾರಿಯೂ ಇಲ್ಲ.

ಇಲ್ಲಿ ಅವರಿಗೆ ನೆರವಾಗುತ್ತಿರುವುದು ಹಿರಿಯರು ಬರೆದಿಟ್ಟ ತಳಿಗಳ ಪಟ್ಟಿ. 1936ರ ನಿಯಮ ಹದಿಮೂರು ತಳಿಗಳಿಗೆ ಅವಕಾಶ ಕೊಟ್ಟಿತ್ತು. 2009ರಲ್ಲಿ ಬಣ್ಣದ ಉಪತಳಿಗಳನ್ನು ಬೇರೆಬೇರೆಯಾಗಿ ಎಣಿಸಿದಾಗ ಅದು ಹದಿನೆಂಟಾಯಿತು. ಗ್ರೆನಾಶ್, ಸಿರಾ, ಮೂರ್ವೆದ್ರ್ ಈ ಮೂರನ್ನು ಬಿಟ್ಟರೆ ಉಳಿದವು ಬಹಳ ಕಾಲ ಹೊಲದ ಮೂಲೆಯಲ್ಲಿ ನಾಲ್ಕು ಸಾಲಿಗೆ ಇಳಿದಿದ್ದವು. ಕೂನುವಾಜ್, ಮ್ಯುಸ್ಕಾರ್ದಾಂ, ಪಿಕ್ಪೂಲ್, ಕ್ಲೆರೆತ್ ಎಂಬಂಥ ಹೆಸರುಗಳು ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಅವುಗಳಲ್ಲಿ ಕೆಲವು ತಡವಾಗಿ ಹಣ್ಣಾಗುತ್ತವೆ, ಕೆಲವು ಬಿಸಿಲಿನಲ್ಲಿಯೂ ಹುಳಿಯನ್ನು ಉಳಿಸಿಕೊಳ್ಳುತ್ತವೆ. ನಮ್ಮ ಯಜಮಾನಿಯ ಮಗ ಸತ್ತ ಗ್ರೆನಾಶ್ ಗಿಡಗಳನ್ನು ಕಿತ್ತ ಒಂದು ತುಂಡು ಹೊಲದಲ್ಲಿ ಕೂನುವಾಜ್ ನೆಡಿಸಿದ್ದಾನೆ. ಉತ್ತರಕ್ಕೆ ಮುಖಮಾಡಿದ ಇಳಿಜಾರೆಂದು ಅಜ್ಜ ಉಪೇಕ್ಷಿಸಿದ್ದ ಹೊಲವನ್ನೇ ಅದಕ್ಕೆ ಆರಿಸಿಕೊಂಡಿದ್ದಾನೆ. ಆ ಗಿಡಗಳಿನ್ನೂ ಗೇಣುದ್ದದ ಕಡ್ಡಿಗಳು, ಒಂದೊಂದಕ್ಕೂ ಮೊಲದ ಕಾಟ ತಪ್ಪಿಸುವ ಕೊಳವೆ ಹಾಕಿದ್ದರು. ಫಸಲು ಬರಲು ಮೂರು ನಾಲ್ಕು ವರ್ಷ, ಒಳ್ಳೆಯ ವೈನು ಬರಲು ಇಪ್ಪತ್ತು ವರ್ಷವಾದರೂ ಬೇಕು ಎಂದು ಯಜಮಾನಿ ಹೇಳಿದರು. ನೀರಾವರಿಯ ನಿಯಮವನ್ನು ಎಷ್ಟರಮಟ್ಟಿಗೆ ಸಡಿಲಿಸಬೇಕು ಎಂಬುದರ ಬಗ್ಗೆ ಆ ಚಳಿಗಾಲದಲ್ಲಿ ಊರಿನ ಬೆಳೆಗಾರರು ಕೂತು ಮಾತಾಡುವವರಿದ್ದರು. ತಾಯಿಗೆ ಸಡಿಲಿಕೆ ಬೇಡ, ಮಗನಿಗೆ ಬೇಕು. ಇಬ್ಬರೂ ಸಭೆಗೆ ಹೋಗುವವರೇ.